ಕಡೆಗಣ್ಣಿಗೆ ಕತ್ತರಿಯೇ?

ನಮ್ಮ ಮದ್ರಸದ ಮಗುವೊಂದರ ತಾಯಿ ಮೊನ್ನೆ ಬಂದು ಕೇಳಿದರು. ಹಿರಿಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಅವಳ ಕಣ್ಣುಗಳ ಹೊರಮೂಲೆ ತುಸು ಕೆಳಕ್ಕೆ ವಾಲಿದೆ, ಸದಾ ಅಳುಮುಖದಂತೆ ಕಾಣುತ್ತದೆ. ಅದನ್ನು ಮೇಲೆತ್ತುವ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂದು ಹುಡುಗಿಯ ಹಟ. "ಉಸ್ತಾದರೇ, ಇದು ಧರ್ಮಸಮ್ಮತವೇ?"

ಕಡೆಗಣ್ಣ ನೋಟವನ್ನು ಕನ್ನಡದ ಕವಿಗಳು ಎಷ್ಟು ಹೊಗಳಿದ್ದರೇನು, ಕನ್ನಡಿಯ ಮುಂದೆ ಅಳುವ ಹುಡುಗಿಗೆ ಅದು ಸಮಾಧಾನವಾಗದು.

ಸಹೋದರಿಯರೇ, ಚೆಂದ ಕಾಣಬೇಕೆಂಬ ಆಸೆ ಪಾಪವಲ್ಲ. ಪ್ರವಾದಿವರ್ಯರು(ಸ) ಸ್ವತಃ ಸುರ್ಮಾ ಹಚ್ಚುತ್ತಿದ್ದರು. ಆದರೆ ಅಲಂಕಾರ ಬೇರೆ, ಅಲ್ಲಾಹನ ಸೃಷ್ಟಿಯನ್ನು ಬದಲಿಸುವುದು ಬೇರೆ. ಎರಡನೆಯದು ಶೈತಾನನ ಪ್ರೇರಣೆಯೆಂದು ಸೂರಃ ಅನ್ನಿಸಾದ 119ನೇ ಸೂಕ್ತ ಎಚ್ಚರಿಸುತ್ತದೆ. ಚೆಲುವಿಗಾಗಿ ಹಲ್ಲುಗಳ ನಡುವೆ ಸಂದು ಮಾಡಿಸಿಕೊಳ್ಳುವವರ ಮೇಲಿನ ಶಾಪವನ್ನು ಅಬ್ದುಲ್ಲಾ ಇಬ್ನ್ ಮಸ್‌ಊದ್(ರ) ವರದಿ ಮಾಡಿದ್ದಾರೆ. 'ಚೆಲುವಿಗಾಗಿ' ಎಂಬ ಮಾತೇ ಇಲ್ಲಿ ಮುಖ್ಯ. ಏಕೆಂದರೆ ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಹಾಕಿಕೊಂಡಿದ್ದ ಬೆಳ್ಳಿಯ ಮೂಗು ನಾರತೊಡಗಿದಾಗ, ಪುರುಷರಿಗೆ ನಿಷಿದ್ಧವಾದ ಚಿನ್ನದಲ್ಲೇ ಮೂಗು ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದರು. 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯೂ ದೋಷ ನಿವಾರಣೆಗೆ ಅನುಮತಿಯಿತ್ತು, ಬರೀ ಮನದಾಸೆಗಾಗಿ ರೂಪ ಬದಲಿಸುವುದನ್ನು ತಡೆಯಿತು.

ಮುಖದ ನರ ಸೋತು ಕಣ್ಣು ಮುಚ್ಚದಿದ್ದರೆ, ವಯಸ್ಸಾಗಿ ಕೆಳರೆಪ್ಪೆ ಹೊರಕ್ಕೆ ಮಗುಚಿ ನೀರು ಸುರಿಯುತ್ತಿದ್ದರೆ, ವೈದ್ಯರು ಇದೇ ಮೂಲೆಯನ್ನು ಬಿಗಿಗೊಳಿಸುತ್ತಾರೆ. ಅದು ಚಿಕಿತ್ಸೆ, ಸಂಕೋಚ ಬೇಡ. ಏನೂ ತೊಂದರೆಯಿಲ್ಲದ ಕಣ್ಣಿನಲ್ಲಿ ಮಾತ್ರ, ರೆಪ್ಪೆಯನ್ನು ಎಲುಬಿಗೆ ಹಿಡಿದಿರುವ ತಂತುವನ್ನು ಕತ್ತರಿಸಿ ಇನ್ನಷ್ಟು ಮೇಲೆ ಹೊಲಿಯುವುದೆಂದರೆ ಇಲ್ಲದ ಅಪಾಯವನ್ನು ಕರೆತಂದಂತೆ. ಕಲೆ ಉಳಿಯಬಹುದು, ಎರಡು ಕಣ್ಣು ಎರಡು ಬಗೆ ಆಗಬಹುದು, ಕಣ್ಣು ಒಣಗಿ ಉರಿಯಬಹುದು.

ನಾನು ಆ ತಾಯಿಯನ್ನು ಕೇಳಿದೆ: "ನಿದ್ದೆಯಲ್ಲಿ ಮಗಳ ಕಣ್ಣು ಪೂರ್ತಿ ಮುಚ್ಚುತ್ತದೆಯೇ? ನೀರು ಸುರಿಯುತ್ತದೆಯೇ?" ಮುಚ್ಚುತ್ತದೆ, ನೀರೇನೂ ಇಲ್ಲ ಎಂದರು. ಆದರೂ ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ, ದೋಷವಿದೆಯೆಂದರೆ ಚಿಕಿತ್ಸೆ ಮಾಡಿಸಿ, ಇಲ್ಲವೆಂದರೆ ಈ ವಿಚಾರ ಬಿಡಿ ಎಂದೆ.

"ಅಳುಮುಖ ಎಂದವರು ಯಾರು? ಗಂಡಿನ ಕಡೆಯವರೇ?"

ಆಕೆ ತಡವರಿಸಿದರು. "ಅಲ್ಲ ಉಸ್ತಾದರೇ. ಚಿಕ್ಕಂದಿನಿಂದ ಮನೆಯಲ್ಲಿ ತಮಾಷೆಗೆ ನಾವೇ ಹಾಗೆ ಕರೆಯುತ್ತಿದ್ದೆವು."

ಸೂರಃ ಅಲ್ ಹುಜುರಾತ್‌ನ 11ನೇ ಸೂಕ್ತ ಅಡ್ಡಹೆಸರಿಟ್ಟು ಹಂಗಿಸುವುದನ್ನು ನಿಷೇಧಿಸಿದೆ. ಅದು ನೆರೆಮನೆಯವರಿಗಷ್ಟೇ ಅನ್ವಯಿಸುತ್ತದೆಂದು ನಾವು ತಿಳಿದಂತಿದೆ. ವೈದ್ಯರ ಬಳಿ ಹೋಗುವ ಮುನ್ನ ಮನೆಮಂದಿಯೆಲ್ಲ ಅವಳ ಕ್ಷಮೆ ಕೇಳಿ ಎಂದೆ. ಆಕೆ ಏನೂ ಹೇಳದೆ ಸೆರಗು ಸರಿಪಡಿಸಿಕೊಂಡು ಎದ್ದರು.