ಹಿಂಸೆಯ ಹೊಣೆಯನ್ನು ಹಂಚಿಕೊಳ್ಳಬಹುದೇ?

1944ರ ಜೂನ್‌ನಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದ ಬೆನ್ನಿಗೇ ಬ್ರಿಟಿಷ್ ವಾಯುಪಡೆಯ ಟೈಫೂನ್ ಯುದ್ಧವಿಮಾನಗಳ ಸ್ಕ್ವಾಡ್ರನ್‌ಗಳೂ ಫ್ರಾನ್ಸಿನ ಹೊಲಗಳಿಗೆ ಬಂದವು. ನೆಲ ಸಮಮಾಡಿ ತಂತಿಬಲೆ ಹಾಸಿದರೆ ಅದೇ ರನ್‌ವೇ. ಅಲ್ಲಿನ ದೂಳು 24 ಸಿಲಿಂಡರಿನ ಸೇಬರ್ ಇಂಜಿನ್ನನ್ನು ಸವೆಸತೊಡಗಿದಾಗ ತರಾತುರಿಯಲ್ಲಿ ಏರ್ ಫಿಲ್ಟರ್ ಕೂರಿಸಬೇಕಾಯಿತು. ಒಬ್ಬ ಪೈಲಟ್ ಮೇಲೇರಲು ನೆಲದ ಮೇಲೆ ಹಲವರು ದುಡಿಯಬೇಕಿತ್ತು. ಇಂಜಿನ್ನಿಗೊಬ್ಬ ಫಿಟ್ಟರ್, ತೋಪುಗಳಿಗೆ ಗುಂಡು ತುಂಬುವವರು, ನಕ್ಷೆ ಹರಡಿ ಗುರಿ ವಿವರಿಸುವ ಗುಪ್ತಚರ ಅಧಿಕಾರಿ. ರೆಕ್ಕೆಯಡಿಯ ಹಳಿಗಳಿಗೆ ಎಂಟು ರಾಕೆಟ್‌ಗಳನ್ನು ಏರಿಸಿಟ್ಟರೂ ಅವುಗಳ ಬಾಲದ ವಿದ್ಯುತ್ ತಂತಿಯನ್ನು ಸಿಕ್ಕಿಸುತ್ತಿದ್ದುದು ಹಾರುವ ಮುನ್ನ, ಕೊನೆಯ ಗಳಿಗೆಯಲ್ಲಿ. ಮೊದಲೇ ಸಿಕ್ಕಿಸಿದರೆ ರಾಕೆಟ್ ತಾನಾಗಿ ಚಿಮ್ಮಿ ತಮ್ಮವರನ್ನೇ ಕೊಂದೀತೆಂಬ ಭಯ. ತಂತಿ ಸಿಕ್ಕಿಸಿದವನು ಗುರಿಯನ್ನು ಕಾಣುವುದಿಲ್ಲ, ಗುಂಡಿ ಒತ್ತಿದವನು ಆ ಗುರಿಯನ್ನು ಆರಿಸಿದವನಲ್ಲ, ಆರಿಸಿದವನು ಕುರ್ಚಿ ಬಿಟ್ಟು ಏಳುವುದಿಲ್ಲ. ಹಾಗಾದರೆ ಕೊಂದವರು ಯಾರು?

ಇಷ್ಟು ಕೈಗಳು ಸೇರಿದ ಮೇಲೆ ಒಬ್ಬೊಬ್ಬರ ಪಾಲಿಗೆ ಬರುವುದು ಚೂರೇ ಚೂರು ಎಂಬ ಸಮಾಧಾನ ಸುಲಭವಾಗಿ ಸಿಗುತ್ತದೆ. ಕೆಲವರು ಇದಕ್ಕೆ ಗೀತೆಯ ಹದಿನೆಂಟನೆಯ ಅಧ್ಯಾಯವನ್ನೂ ಆಧಾರ ಮಾಡಿಕೊಳ್ಳುತ್ತಾರೆ. ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಕರ್ಮಕ್ಕೆ ಐದು ಕಾರಣಗಳಿರುವಾಗ ಕರ್ತೃವೊಬ್ಬನನ್ನೇ ಏಕೆ ಹಿಡಿಯಬೇಕು ಎಂಬುದು ಅವರ ವಾದ. ಆದರೆ ಅಲ್ಲಿ ಕಳಚಬೇಕಾದದ್ದು ‘ನಾನೇ ಮಾಡಿದೆ’ ಎಂಬ ಅಹಂಕಾರ. ಹೊಣೆಯನ್ನು ಪಕ್ಕದವನಿಗೆ ದಾಟಿಸಲು ಆ ಮಾತು ಅಪ್ಪಣೆ ಕೊಡುವುದಿಲ್ಲ. ಈ ಪ್ರಶ್ನೆಯನ್ನು ಇನ್ನಷ್ಟು ನಿಷ್ಠುರವಾಗಿ ಎದುರಿಸಿದ್ದು ಜೈನ ಚಿಂತನೆ. ತತ್ತ್ವಾರ್ಥಸೂತ್ರದ ಲೆಕ್ಕ ನೋಡಿ: ಸಂಕಲ್ಪಿಸುವುದು, ಸಾಧನ ಒದಗಿಸುವುದು, ಕೆಲಸಕ್ಕೆ ತೊಡಗುವುದು ಎಂಬ ಮೂರು ಹಂತ, ಮನಸ್ಸು, ಮಾತು, ಮೈ ಎಂಬ ಮೂರು ದಾರಿ, ತಾನೇ ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಎಂಬ ಮೂರು ಬಗೆ, ಇವನ್ನು ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ 108. ಸ್ಕ್ವಾಡ್ರನ್ನಿನ ದಿನಚರಿಯ ಪ್ರತಿಯೊಂದು ಕೈಗೂ ಇಲ್ಲಿ ಜಾಗವಿದೆ. ಗಮನಿಸಬೇಕಾದದ್ದೆಂದರೆ ಇದು ಗುಣಾಕಾರ, ಭಾಗಾಕಾರವಲ್ಲ. ಪಾಲುದಾರರು ಹೆಚ್ಚಿದಷ್ಟೂ ಹೊಣೆ ತೆಳುವಾಗುವುದಿಲ್ಲ, ಹೊರುವವರು ಹೆಚ್ಚುತ್ತಾರೆ.

ಇದರ ಅರ್ಥ ಎಲ್ಲರೂ ಸಮಾನ ಅಪರಾಧಿಗಳೆಂದಲ್ಲ. ಒಂದು ಉದಾಹರಣೆ ನೋಡಿ. 1945ರ ಮೇ 3ರಂದು ಟೈಫೂನ್‌ಗಳು ಲ್ಯೂಬೆಕ್ ಕೊಲ್ಲಿಯಲ್ಲಿ ಕ್ಯಾಪ್ ಅರ್ಕೋನಾ, ಟೀಲ್‌ಬೆಕ್ ಮುಂತಾದ ಹಡಗುಗಳ ಮೇಲೆ ಎರಗಿದವು. ನಾಜಿ ಪಡೆಗಳು ನಾರ್ವೆಗೆ ಪರಾರಿಯಾಗುತ್ತಿವೆ ಎಂದು ಪೈಲಟ್‌ಗಳು ನಂಬಿದ್ದರು. ಒಳಗಿದ್ದವರಲ್ಲಿ ಬಹುತೇಕರು ನಾಜಿಗಳ ನಾಯೆನ್‌ಗಾಮೆ ಯಾತನಾ ಶಿಬಿರದ ಕೈದಿಗಳು. ಸತ್ತವರು ಸುಮಾರು 7,000. ನೀರಿಗೆ ಹಾರಿದವರ ಮೇಲೂ ಗುಂಡು ಸುರಿಯಿತು. ಹಡಗಿನಲ್ಲಿ ಕೈದಿಗಳಿದ್ದಾರೆಂಬ ಸುದ್ದಿ ಹಿಂದಿನ ದಿನವೇ ಬ್ರಿಟಿಷರಿಗೆ ಮುಟ್ಟಿತ್ತು, ಸ್ಕ್ವಾಡ್ರನ್‌ಗಳಿಗೆ ಮುಟ್ಟಲಿಲ್ಲ ಎಂಬುದು ಯುದ್ಧಾನಂತರ ಬ್ರಿಟಿಷರದೇ ತನಿಖೆಯಲ್ಲಿ ಹೊರಬಿತ್ತು. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣ ತೆಗೆಯುವುದೇ ಹಿಂಸೆ ಎನ್ನುತ್ತದೆ ಅದೇ ತತ್ತ್ವಾರ್ಥಸೂತ್ರ. ಈ ಅಳತೆಗೋಲಿನಲ್ಲಿ ಗುಂಡಿ ಒತ್ತಿದ ಬೆರಳಿಗಿಂತ, ಸುದ್ದಿ ಕೈಯಲ್ಲಿದ್ದೂ ಮುಂದೆ ದಾಟಿಸದ ಮೇಜು ಹೆಚ್ಚು ಭಾರ ಹೊರುತ್ತದೆ. ನೀರಿನಲ್ಲಿ ಒದ್ದಾಡುವವರ ಮೇಲೆ ಗುಂಡು ಹಾರಿಸಿದ್ದಕ್ಕೆ ಮಾತ್ರ ಅಜ್ಞಾನದ ಮರೆ ಸಾಲದು. ಮುಳುಗುತ್ತಿರುವವನು ಯಾರೇ ಆಗಲಿ, ಅವನ ಅಸಹಾಯಕತೆ ಮೇಲಿನಿಂದಲೂ ಕಾಣುವಂಥದ್ದು.

ಕೈದಿಗಳನ್ನು ಹಡಗಿಗೆ ತುಂಬಿದವರು ನಾಜಿಗಳಲ್ಲವೇ ಎಂದು ಕೇಳಬಹುದು. ಹೌದು, ಬೇಕೆಂದೇ ಮಾಡಿದ ಹಿಂಸೆ ಅವರದು, ಎಲ್ಲಕ್ಕಿಂತ ಘೋರವಾದದ್ದು. ಆದರೆ ಅವರ ಪಾಪ ಬೇರೆಯವರ ಅಲಕ್ಷ್ಯವನ್ನು ತೊಳೆಯಲಾರದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಇಷ್ಟೆಲ್ಲ ತೂಗಿ ನೋಡುತ್ತ ಕೂತರೆ ಯುದ್ಧ ನಡೆಯುವುದುಂಟೇ, ಹಿಟ್ಲರನನ್ನು ತಡೆಯುವುದು ಬೇಡವಿತ್ತೇ? ತಡೆಯಲೇಬೇಕಿತ್ತು. ಗೃಹಸ್ಥನ ವಿರೋಧಿ ಹಿಂಸೆಯನ್ನು, ಎಂದರೆ ಆಕ್ರಮಣವನ್ನು ಎದುರಿಸುವಾಗಿನ ಹಿಂಸೆಯನ್ನು, ಜೈನರೂ ಒಪ್ಪಿದ್ದಾರೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕನೇ. ಎಚ್ಚರ ವಹಿಸುವಷ್ಟು ಪುರುಸೊತ್ತು ಯುದ್ಧದಲ್ಲಿ ಇರುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ತಮ್ಮವರ ಜೀವ ಉಳಿಸಲು ರಾಕೆಟ್ಟಿನ ತಂತಿಯನ್ನು ಕೊನೆಯವರೆಗೆ ಬಿಡಿಸಿಟ್ಟು ಕಾಯುವ ಶಿಸ್ತು ಆ ರನ್‌ವೇಗಳಲ್ಲಿ ದಿನವೂ ನಡೆಯುತ್ತಿತ್ತು. ಅದೇ ಶಿಸ್ತು ಒಂದು ಸುದ್ದಿಗೂ ಸಲ್ಲಬೇಕಿತ್ತು. ತಾವು ಕೊಂದದ್ದು ಯಾರನ್ನೆಂದು ಹಲವು ಪೈಲಟ್‌ಗಳಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅವರನ್ನು ಕೊಲೆಗಡುಕರೆನ್ನುವುದು ಅನ್ಯಾಯ. ಆದರೆ ಅರಿಯದೆ ತುಳಿದ ಜೀವಕ್ಕೂ ಪ್ರತಿಕ್ರಮಣ, ಎಂದರೆ ತಪ್ಪೊಪ್ಪಿ ಪಶ್ಚಾತ್ತಾಪ, ಮಾಡಬೇಕೆನ್ನುವ ಜೈನ ಪರಂಪರೆ, ಆಜ್ಞೆ ಕೊಟ್ಟವರನ್ನೂ ಸುದ್ದಿ ತಡೆದವರನ್ನೂ ಆ ವಿಧಿಯಿಂದ ಹೊರಗಿಡುವುದಿಲ್ಲ.