ಅಕ್ಷರ ದಾಸೋಹ: ದಾನವೋ, ದಾಸೋಹವೋ?

ಅನ್ನವಿಟ್ಟ ಕಡೆಯಲ್ಲೆಲ್ಲ ದಾಸೋಹವೆಂಬ ಮಾತು ಸಲ್ಲದು. ಕೊಡುವಾತನು ಮೇಲೆ ನಿಂತು, ಪಡೆಯುವಾತನು ಕೆಳಗೆ ಕೈಯೊಡ್ಡಿದರೆ ಅದು ದಾನ. ಇದು ನನ್ನದಲ್ಲ, ನಾನು ನೀಡುವ ಸೇವಕನು ಮಾತ್ರ ಎಂಬ ಭಾವವಿದ್ದರೆ ಅದು ದಾಸೋಹ. ಶಾಲೆಯ ಬಿಸಿಯೂಟಕ್ಕೆ ನಮ್ಮ ರಾಜ್ಯವು ಅಕ್ಷರ ದಾಸೋಹವೆಂದು ಶರಣರ ಮಾತನ್ನೇ ಹೆಸರಾಗಿಟ್ಟಿದೆ. ಆ ಹೆಸರು ಒಪ್ಪುವುದೇ ಎಂದು ವಿಚಾರಿಸುವುದು ನಮ್ಮ ಕರ್ತವ್ಯ.

1995ರ ರಾಷ್ಟ್ರೀಯ ಯೋಜನೆಯಲ್ಲಿ, ಶಾಲೆಗೆ ತಪ್ಪದೆ ಬಂದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುವ ಪದ್ಧತಿ ಬಹುಕಡೆ ಇದ್ದಿತು. ಆ ಧಾನ್ಯವು ಮನೆಮಂದಿಯಲ್ಲಿ ಹಂಚಿಹೋಗುತ್ತಿತ್ತು. ಪಾಠದ ವೇಳೆಯ ಹಸಿವು ಹಾಗೆಯೇ ಉಳಿಯುತ್ತಿತ್ತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ನೀಡಬೇಕೆಂದು ಆಜ್ಞಾಪಿಸಿತು. 2002ರಲ್ಲಿ ಕರ್ನಾಟಕದ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ ಈ ಊಟ ಮೊದಲಾಯಿತು. ಅವುಗಳಲ್ಲಿ ನಮ್ಮ ಕೊಪ್ಪಳವೂ ಒಂದು. ತಾವರಗೇರಾ ಸೀಮೆಯು ಮಳೆಯನ್ನೇ ನಂಬಿದ ನೆಲ. ನಸುಕಿನಲ್ಲೇ ಕೂಲಿಗೆ ಹೊರಟ ತಾಯಿಯ ಮಗುವಿಗೆ ಆ ತುತ್ತಿನ ಬೆಲೆ ಎಷ್ಟೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಪುಕ್ಕಟೆ ಅನ್ನವು ಕಾಯಕತತ್ತ್ವಕ್ಕೆ ವಿರುದ್ಧವಲ್ಲವೇ ಎಂದು ಕೆಲವರು ಶಂಕಿಸುವರು. ಮಗುವಿನ ಕಾಯಕ ಓದು. ಹಸಿದ ಹೊಟ್ಟೆಯಿಂದ ಆ ಕಾಯಕ ಸಾಗದು. ಸಿದ್ಧಗಂಗೆಯಂತಹ ಮಠಗಳು ಅನ್ನ ಅಕ್ಷರಗಳನ್ನು ಜೊತೆಯಾಗಿ ನೀಡಿದುದು ಇದನ್ನರಿತೇ ಅಲ್ಲವೇ?

ಸರಕಾರದ ಹಣದಲ್ಲಿ ದಾಸೋಹಭಾವ ಎಲ್ಲಿಯದು ಎಂಬುದು ಇನ್ನೊಂದು ಶಂಕೆ. ಆ ಹಣವು ಸರ್ವರ ತೆರಿಗೆ. ಅಂಗಡಿಯಲ್ಲಿ ಸಾಬೂನು ಕೊಂಡ ಕೂಲಿಯವನ ಕಾಸೂ ಅದರಲ್ಲುಂಟು. ಆದುದರಿಂದ 'ನಾನು ಕೊಟ್ಟೆ' ಎನ್ನಲು ಯಾರಿಗೂ ಎಡೆಯಿಲ್ಲ. ಅಹಂಕಾರಕ್ಕೆ ಎಡೆಯಿಲ್ಲದ ಕಡೆಯೇ ದಾಸೋಹಕ್ಕೆ ನೆಲೆ.

ಆದರೆ ಬಡಿಸುವ ಕೈ ಕೆಟ್ಟರೆ ಹೆಸರೂ ಕೆಡುವುದು. ಇದು ನನ್ನ ಅನುಭವ. ಒಮ್ಮೆ ಪಂಕ್ತಿಯಲ್ಲಿ ಎರಡನೆಯ ಸಲ ಅನ್ನ ಬೇಡಿದ ಬಾಲಕನನ್ನು, "ಮನೆಯಲ್ಲಿ ಉಣ್ಣುವುದಿಲ್ಲವೇನೋ?" ಎಂದು ಕೇಳಿಬಿಟ್ಟೆ. ಆತ ಮಾತಾಡದೆ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ. ಅನ್ನ ಒಂದಿಷ್ಟೂ ನನ್ನದಲ್ಲ. ಆದರೂ ಆ ಕ್ಷಣ ನಾನು ದಾನಿಯಾಗಿ ನಿಂತಿದ್ದೆ.

ಇದಕ್ಕಿಂತ ದೊಡ್ಡ ದೋಷ ಮನೆಯಿಂದ ಬರುತ್ತದೆ. ಅಡುಗೆಯಾಕೆಯ ಜಾತಿಯನ್ನು ನೋಡಿ, ಮಗುವಿನ ಕೈಗೆ ಬುತ್ತಿ ಕೊಟ್ಟು ಪಂಕ್ತಿಯಿಂದ ಬೇರೆ ಕೂಡಿಸುವ ಗೃಹಸ್ಥರು ಇನ್ನೂ ಇದ್ದಾರೆ. ಕೊರಳಲ್ಲಿ ಲಿಂಗ ಧರಿಸಿ ಹೀಗೆ ಮಾಡಿದರೆ, ಕಲ್ಯಾಣದಲ್ಲಿ ಶರಣರು ಮುರಿದ ಗೋಡೆಯನ್ನು ಮಗುವಿನ ಮನಸ್ಸಿನಲ್ಲಿ ಮತ್ತೆ ಕಟ್ಟಿದಂತೆ. ಹೆಸರಿಟ್ಟುದು ಸರಕಾರ, ಅದನ್ನು ಸತ್ಯವಾಗಿಸುವ ಭಾರ ನಮ್ಮದು. ನಾಳೆ ನಿಮ್ಮ ಮಗು ಶಾಲೆಗೆ ಹೊರಡುವಾಗ, ಎಲ್ಲರೊಡನೆ ಕುಳಿತು ಉಂಡು ಬಾ ಎಂದು ಹೇಳಿ ಕಳುಹಿಸಿರಿ.