ಗುರುತು ಮರೆತವರ ಹಕ್ಕು



'ಅಜ್ಜನಿಗೆ ನನ್ನ ಹೆಸರೇ ಗೊತ್ತಿಲ್ಲ. ದಿನಾ ನೀನು ಯಾರ ಮಗ ಎಂದು ಕೇಳುತ್ತಾರೆ. ಮತ್ತೆ ನಾನೇಕೆ ಅವರ ಬಳಿ ಹೋಗಿ ಸಲಾಮ್ ಹೇಳಬೇಕು?'

ಆಲ್‌ಝೈಮರ್ ಕಾಯಿಲೆ ಹೊಕ್ಕ ಮನೆಯಲ್ಲಿ ಒಂದಲ್ಲ ಒಂದು ದಿನ ಮಗುವಿನ ಬಾಯಿಂದ ಇಂತಹ ಮಾತು ಬರುತ್ತದೆ. ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಅದು ಉದ್ಧಟತನದ ಮಾತಲ್ಲ, ನಿಜವಾದ ಪ್ರಶ್ನೆ. ಸಂಬಂಧವು ಪರಸ್ಪರ ಗುರುತಿನ ಮೇಲೆ ನಿಂತಿದೆಯೇ? ಗುರುತು ಅಳಿದರೆ ಹಕ್ಕೂ ಅಳಿಯುತ್ತದೆಯೇ?

ಮೊದಲು ಮಗುವಿಗೆ ಕಾಯಿಲೆಯ ಬಗ್ಗೆ ಸತ್ಯವನ್ನು ತಿಳಿಸಬೇಕು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ ಇದನ್ನು ಮೊದಲು ವಿವರಿಸಿದರು. ಮೆದುಳಿನ ಜೀವಕೋಶಗಳು ಕ್ರಮೇಣ ಸಾಯುತ್ತವೆ. ಹೊಸ ನೆನಪನ್ನು ಕಟ್ಟಿಡುವ ಭಾಗಕ್ಕೆ ಮೊದಲು ಪೆಟ್ಟು ಬೀಳುತ್ತದೆ. ಆದ್ದರಿಂದಲೇ ಬೆಳಗ್ಗೆ ಉಂಡದ್ದನ್ನು ಮರೆತ ಅಜ್ಜಿಗೆ ತನ್ನ ನಿಕಾಹ್‌ನ ದಿನ ಚೆನ್ನಾಗಿ ನೆನಪಿರುತ್ತದೆ. ಇದು ಅಂಟುವ ರೋಗವಲ್ಲ. ಮಗುವಿನ ತುಂಟತನದಿಂದ ಬಂದದ್ದೂ ಅಲ್ಲ. ಅಜ್ಜನಿಗೆ ಬಂದ ಮಾತ್ರಕ್ಕೆ ಅಪ್ಪನಿಗೂ ಬಂದೇ ತೀರುತ್ತದೆ ಎಂದೇನೂ ಇಲ್ಲ. ಈ ಮೂರು ಭಯಗಳನ್ನು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ನಾವಾಗಿಯೇ ಕಳೆಯಬೇಕು.

ನಮ್ಮ ಕೆಲವು ಮನೆಗಳಲ್ಲಿ ಇದನ್ನು ಜಿನ್ನ್ ಬಾಧೆಯೆಂದೋ ಮಾಟವೆಂದೋ ತಿಳಿದು ತಾಯಿತಕ್ಕಾಗಿ ಅಲೆಯುವವರಿದ್ದಾರೆ. ಭಾರತದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆಗಳಿವೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಆಲ್‌ಝೈಮರ್ ಅವುಗಳಲ್ಲಿ ಮುಖ್ಯವಾದುದು. ಇದನ್ನು ಗುಣಪಡಿಸುವ ಔಷಧಿ ಇನ್ನೂ ಇಲ್ಲವಾದರೂ ಕೆಲವರಿಗೆ ಸ್ವಲ್ಪ ಕಾಲ ಉಪಶಮನ ನೀಡುವ ಔಷಧಿಗಳಿವೆ. ಥೈರಾಯ್ಡ್ ತೊಂದರೆ ಅಥವಾ ಬಿ12 ಜೀವಸತ್ವದ ಕೊರತೆಯಿಂದಲೂ ಮರೆವು ಬರಬಹುದು, ಅದಕ್ಕೆ ಚಿಕಿತ್ಸೆಯಿದೆ. ಆದ್ದರಿಂದ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಇದು ಪಾಪದ ಶಿಕ್ಷೆಯೆಂದು ಮಕ್ಕಳೆದುರು ಯಾರೂ ಆಡದಿರಲಿ. ಎಲ್ಲವನ್ನೂ ಅರಿತಿದ್ದವರು ಏನನ್ನೂ ಅರಿಯದ ಇಳಿವಯಸ್ಸಿಗೆ ಮರಳುವ ಸ್ಥಿತಿಯನ್ನು ಪವಿತ್ರ ಕುರ್‌ಆನ್ (16:70) ಮಾನವ ಜೀವನದ ಒಂದು ಹಂತವೆಂದೇ ತಿಳಿಸಿದೆ. ಪ್ರವಾದಿವರ್ಯರು(ಸ) ಸ್ವತಃ ಆ ಸ್ಥಿತಿಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು.

ಇನ್ನು ಹಕ್ಕಿನ ಪ್ರಶ್ನೆ. ಬನೀ ಇಸ್ರಾಈಲ್ ಅಧ್ಯಾಯದಲ್ಲಿ (17:23-24) ವೃದ್ಧರಾದ ಮಾತಾಪಿತರ ಮುಂದೆ 'ಛೆ' ಎಂಬ ಉದ್ಗಾರವನ್ನೂ ಎತ್ತಬಾರದೆಂದು ಅಲ್ಲಾಹನು ವಿಧಿಸಿದ್ದಾನೆ. ಬಳಿಕ ಅವರಿಗಾಗಿ ಪ್ರಾರ್ಥಿಸಲು ಕಲಿಸುತ್ತಾನೆ. ಅಲ್ಲಿ ಕರುಣೆಗೆ ಕೊಟ್ಟ ಆಧಾರವೇನೆಂದು ಗಮನಿಸಿರಿ. ಅವರು ಇಂದು ನಮ್ಮನ್ನು ಗುರುತಿಸುತ್ತಾರೆ ಎಂಬುದಲ್ಲ, ಅಂದು ಎಳವೆಯಲ್ಲಿ ನಮ್ಮನ್ನು ಸಾಕಿದ್ದಾರೆ ಎಂಬುದು. ಹಾಲೂಡಿಸುವ ತಾಯಿಯ ಹೆಸರು ಎಳೆಗೂಸಿಗೆ ಗೊತ್ತಿತ್ತೇ? ಗೊತ್ತಿಲ್ಲವೆಂದು ಅವಳು ಹಾಲು ನಿಲ್ಲಿಸಿದಳೇ? ಸಾಕಿದ್ದು ಒಮ್ಮೆ ನಡೆದುಹೋದ ಸಂಗತಿ. ಅಜ್ಜ ಅದನ್ನು ಮರೆತರೂ ಅದು ನಡೆಯದಂತಾಗುವುದಿಲ್ಲ. ಮಗುವಿಗೆ ಸರಳವಾಗಿ ಹೀಗೆ ಹೇಳಬಹುದು: 'ಅಜ್ಜ ನಿನ್ನನ್ನು ಮರೆತಿದ್ದಾರೆ ಮಗಾ. ಆದರೆ ಅವರು ಯಾರೆಂದು ನಿನಗೆ ಗೊತ್ತಿದೆಯಲ್ಲ? ಈಗ ಇಬ್ಬರ ನೆನಪನ್ನೂ ನೀನೇ ಹೊರಬೇಕು.'

ಇಲ್ಲೊಂದು ಧರ್ಮಸೂಕ್ಷ್ಮವಿದೆ. ಎಂದೋ ತೀರಿಕೊಂಡ ಪತಿಯನ್ನು ಅಜ್ಜಿ ಕೇಳುತ್ತಾರೆ. 'ಈಗ ಮಸೀದಿಯಿಂದ ಬರುತ್ತಾರೆ' ಎಂದರೆ ಮಗುವಿನೆದುರು ಸುಳ್ಳು. 'ಅವರು ಸತ್ತು ಹತ್ತು ವರ್ಷವಾಯಿತು' ಎಂದರೆ ಅಜ್ಜಿಗೆ ಪ್ರತಿದಿನವೂ ಹೊಸ ಮರಣವಾರ್ತೆ. ಮಗುವನ್ನು ಹತ್ತಿರ ಕರೆಯಲು ಏನನ್ನೋ ಕೊಡುವೆನೆಂದು ಹೇಳಿ ಕೊಡದಿದ್ದರೆ ಅದೂ ಸುಳ್ಳೆಂದೇ ಬರೆಯಲ್ಪಡುವುದೆಂದು ಪ್ರವಾದಿವರ್ಯರು(ಸ) ಒಬ್ಬ ತಾಯಿಯನ್ನು ಎಚ್ಚರಿಸಿದ್ದು ಹದೀಸ್‌ನಲ್ಲಿದೆ. ಹಾಗಾದರೆ ದಾರಿಯೇನು? 'ಅವರ ನೆನಪಾಯಿತೇ? ಅವರು ಹೇಗಿದ್ದರು, ಸ್ವಲ್ಪ ಹೇಳಿ' ಎಂದು ಕೇಳಬಹುದು. ಇದರಲ್ಲಿ ಸುಳ್ಳೂ ಇಲ್ಲ, ಕ್ರೌರ್ಯವೂ ಇಲ್ಲ. ಸತ್ಯವನ್ನೆಲ್ಲ ಎಲ್ಲರಿಗೂ ಎಲ್ಲ ಹೊತ್ತಿನಲ್ಲಿ ಹೇಳಲೇಬೇಕೆಂದಿಲ್ಲ, ಆದರೆ ಸುಳ್ಳು ಹೇಳಬೇಕಾಗಿಯೂ ಇಲ್ಲ ಎಂಬ ಪಾಠವನ್ನು ಮಗು ಇದರಿಂದ ಕಲಿಯುತ್ತದೆ.

ಝುಹರ್ ಮುಗಿಸಿ ಹತ್ತು ನಿಮಿಷವಾಗಿಲ್ಲ, ಅಜ್ಜಿ ಮತ್ತೆ ವುಝೂ ಮಾಡಲು ಹೊರಡುತ್ತಾರೆ. ರಕಅತ್ ತಪ್ಪುತ್ತದೆ, ಮಕ್ಕಳು ನಗುತ್ತಾರೆ. ಬುದ್ಧಿ ಸ್ವಾಧೀನದಲ್ಲಿಲ್ಲದವರ ಮೇಲಿನಿಂದ ಲೇಖನಿ ಎತ್ತಲ್ಪಟ್ಟಿದೆಯೆಂಬ ಪ್ರವಾದಿ ವಚನದ ಆಶಯವನ್ನು ಆಗ ಅವರಿಗೆ ತಿಳಿಸಿರಿ. ಅಲ್ಲಾಹನೇ ಲೆಕ್ಕ ಬಿಟ್ಟ ಮೇಲೆ ಲೆಕ್ಕ ಹಿಡಿಯಲು ನಾವಾರು? ಬಹಳಷ್ಟನ್ನು ಮರೆತವರೂ ಬಾಲ್ಯದಲ್ಲಿ ಕಲಿತ ಫಾತಿಹಾ ಸೂರಃವನ್ನು ಓದುವುದುಂಟು. ಮೊಮ್ಮಗು ಪಕ್ಕದಲ್ಲಿ ಕುಳಿತು ಜೊತೆಗೂಡಿ ಓದಲಿ. ಹಳೆಯ ಚಿತ್ರಗಳನ್ನು ತೋರಿಸಲಿ, ಕೈ ಹಿಡಿದು ಅಂಗಳದಲ್ಲಿ ನಡೆಸಲಿ.

ಆದರೆ ಮಗುವಿಗೂ ಹಕ್ಕುಗಳಿವೆ. ಅದನ್ನು ಅಜ್ಜನ ಕಾವಲುಗಾರನಾಗಿ ಮಾಡಬೇಡಿರಿ. ಅದರ ಓದು, ಆಟ, ನಿದ್ದೆಗಳನ್ನು ಕಸಿಯಬೇಡಿರಿ. ಅಜ್ಜ ಕಾರಣವಿಲ್ಲದೆ ಸಿಡುಕಿದಾಗ, ಕಳ್ಳನೆಂದು ಕರೆದಾಗ ಅದಕ್ಕೆ ನೋವಾಗುವುದು ಸಹಜ. 'ಅದು ಕಾಯಿಲೆಯ ಮಾತು, ಅಜ್ಜನದ್ದಲ್ಲ' ಎಂದು ಸಂತೈಸಿರಿ. ಅಳು ಬಂದರೆ ಅಳಲು ಬಿಡಿರಿ.

ಕೊನೆಯದಾಗಿ, ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ಮುಖವನ್ನು ಹೆಚ್ಚು ಓದುತ್ತಾರೆ. ಹಾಸಿಗೆ ಒದ್ದೆಯಾದ ರಾತ್ರಿ ನಮ್ಮ ಬಾಯಿಂದ ಹೊರಡುವ 'ಛೆ' ಎಂಬ ಒಂದು ಶಬ್ದ ನೂರು ಉಪದೇಶಗಳನ್ನು ಅಳಿಸಿಹಾಕುತ್ತದೆ. ಆ ಭಾರವನ್ನು ಮನೆಯ ಸೊಸೆ ಒಬ್ಬಳ ಹೆಗಲಿಗೆ ಹೊರಿಸದೆ ಗಂಡುಮಕ್ಕಳೂ ಹಂಚಿಕೊಂಡರೆ ಅಂತಹ ರಾತ್ರಿಗಳಲ್ಲಿ ತಾಳ್ಮೆ ಉಳಿಯುತ್ತದೆ. ನಾಳೆ ನಮ್ಮ ನೆನಪು ಮಾಸಿದರೆ ಈ ಮಕ್ಕಳು ನಮ್ಮೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಇಂದು ನಾವೇ ಅವರಿಗೆ ಕಲಿಸುತ್ತಿದ್ದೇವೆ.

ಅಲ್ಲಾಹನು ನಮ್ಮ ಹಿರಿಯರ ಮೇಲೆ ಕರುಣೆ ತೋರಲಿ, ನಮಗೆ ಸಹನೆಯನ್ನು ಕರುಣಿಸಲಿ. ಆಮೀನ್.